ಉಡಿಗೆ ಹಾಕಿದ ಮಗಳು

ಗೌರಸಮುದ್ರದಿಂದ ಸುದ್ದಿ ತಂದ ಮನುಷ್ಯ ಕೊಂಡ್ಲಹಳ್ಳಿಯೊಳಗೆ ಕಾಲಿಡಲಿಲ್ಲ. ಊರ ಹೊರಗಿನ ಬೇವಿನ ಮರದ ಆಚೆಯೇ ನಿಂತು ಕರಿಯಕ್ಕನನ್ನು ಕರೆಸಿ, ದೂರದಿಂದಲೇ ಕೂಗಿ ಹೇಳಿದ. ಪ್ಲೇಗು ಬಂದ ಆ ವರ್ಷ ಊರಿಂದೂರಿಗೆ ಸುದ್ದಿ ಹೋಗುತ್ತಿದ್ದುದೇ ಹಾಗೆ.

"ನಿಮ್ಮಕ್ಕನಿಗೆ ಗಡ್ಡೆ ಎದ್ದೈತೆ. ಮಗೂನ ಚಳ್ಳಕೆರೆ ಮಿಸ್ಸಮ್ಮ ಗಾಡೀಲಿ ಕೂರಿಸ್ಕಂಡು ಹೋದ್ಲು. ನೀನು ಹೋಗಿ ಬಿಡಿಸ್ಕಂಡು ಬರಬೇಕಂತೆ. ನಿಮ್ಮ ಬಾವ ಗಾದ್ರಪ್ಪ ಹೇಳಿ ಕಳಿಸ್ಯಾನೆ."

ಅಷ್ಟು ಹೇಳಿ ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ಕರಿಯಕ್ಕ ಮನೆಗೆ ಬಂದು ರೊಟ್ಟಿ ಬಡಿಯತೊಡಗಿದಳು. ಗಂಡ ಹುಲಿಯಪ್ಪ ಕುರಿ ಹೊಡೆದುಕೊಂಡು ರಾಯದುರ್ಗದ ಕಡೆಗೆ ಹೋಗಿದ್ದ. ಮಳೆ ಬೀಳುವ ತನಕ ಬರುವವನಲ್ಲ. ಎರಡು ಗಂಡುಮಕ್ಕಳನ್ನು ಅತ್ತೆ ಸೂರಮ್ಮನ ಹತ್ತಿರ ಬಿಟ್ಟು ಹೋಗಬೇಕು. ಅತ್ತೆ ಹೊಸಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಹೋಗಿ ನಾನೇ ಹೆತ್ತೋಳು ಅಂದುಬಿಡು. ಒಂದು ಮಾತಿಗೆ ಕೆಲಸ ಮುಗೀತೈತೆ" ಎಂದಳು ಸೂರಮ್ಮ.

"ಹಂಗನ್ನಂಗಿಲ್ಲ ಅತ್ತೆ. ನಿಮಗೆ ಗೊತ್ತಲ್ಲ."

ಸೂರಮ್ಮನಿಗೆ ಗೊತ್ತಿತ್ತು. ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಕರಿಯಕ್ಕ, ಹುಚ್ಚಕ್ಕ ಇಬ್ಬರೇ ಅಕ್ಕತಂಗಿಯರು, ಹುಚ್ಚಕ್ಕ ದೊಡ್ಡವಳು. ಅವರ ತಾಯಿ ಯರ್ರಮ್ಮ ತೀರಿಕೊಂಡ ಮೇಲೆ ಮಳೆಗಾಲ ಮುಗಿಯುವುದರೊಳಗೆ ಕರಿಯಕ್ಕನಿಗೆ ಮೂರನೆಯದು ಹೆಣ್ಣು ಹುಟ್ಟಿತು. ಯಾರನ್ನೂ ಕೇಳುವ ಮಾತೇ ಇರಲಿಲ್ಲ. ಅವ್ವನ ಹೆಸರನ್ನೇ ಇಟ್ಟರು. ಹೆಸರಿಡುವ ದಿನ ಗೌರಸಮುದ್ರದಿಂದ ಬಂದ ಹುಚ್ಚಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡವಳು ಸಂಜೆಯವರೆಗೂ ಇಳಿಸಲಿಲ್ಲ. ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಅವಳ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಊಟಕ್ಕೆ ಕರೆದರೆ, "ಅವ್ವ ಎದ್ದ ಮ್ಯಾಲೆ ಉಣ್ತೀನಿ" ಎಂದಳು. ಅವಳು ಬಾಯಿಬಿಟ್ಟು ಏನೂ ಕೇಳಲಿಲ್ಲ.

ಮೊಲೆ ಬಿಡಿಸಿದ ಮೇಲೆ, ಮನೆದೇವರ ಮುಂದೆ, ಎಲೆ ಅಡಿಕೆ ಕೊಬ್ಬರಿ ಬಟ್ಟಲಿನ ಜೊತೆ ಮಗುವನ್ನು ಅಕ್ಕನ ಸೆರಗಿಗೆ ಹಾಕಿದಳು. ಅವರ ಮನೆತನದಲ್ಲಿ ಹೀಗೆ ಉಡಿಗೆ ಹಾಕಿಕೊಡುವಾಗ ಹೆತ್ತವಳು ಒಂದು ಮಾತು ಕೊಡಬೇಕು: ಇನ್ನು ಮೇಲೆ ಇದು ನನ್ನ ಮಗು ಎಂದು ಯಾರ ಮುಂದೆಯೂ ಅನ್ನುವುದಿಲ್ಲ. ಅಂದರೆ ತುಂಬಿದ ಉಡಿಯನ್ನು ತಾನೇ ಬಿಚ್ಚಿದ ಹಾಗೆ, ಸಾಕಿದವಳಿಗೆ ಕೇಡು. ಕರಿಯಕ್ಕ ದೇವರ ಮುಂದೆ ಆ ಮಾತು ಕೊಟ್ಟಿದ್ದಳು.

ಆಮೇಲೆ ಮಗು ಹುಚ್ಚಕ್ಕನನ್ನು ಅವ್ವ ಎಂದಿತು, ಕರಿಯಕ್ಕನನ್ನು ಚಿಕ್ಕವ್ವ ಎಂದಿತು. ಅಕ್ಕತಂಗಿಯರಿಬ್ಬರೂ ಮಗುವನ್ನೇ ಅವ್ವ ಎನ್ನುತ್ತಿದ್ದರು, ತಾಯಿಯ ಹೆಸರು ಅದಕ್ಕಿತ್ತಲ್ಲ. ಗಾದ್ರಪ್ಪನಂತೂ ತೀರಿಹೋದ ಅತ್ತೆಯನ್ನು ಮಾತಾಡಿಸುತ್ತಿದ್ದ ಹಾಗೇ ಮಾತಾಡಿಸುವನು. "ಅತ್ತೆಮ್ಮಾರು ಉಂಡ್ರಾ? ಅತ್ತೆಮ್ಮಾರು ಮಲಗ್ತಾರಾ?" ಹುಚ್ಚಕ್ಕ ಆ ಮಗುವಿನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಹಾಲಿನ ಗಡಿಗೆ ಉರುಳಿಸಿದರೂ, "ಅವ್ವನಿಗೆ ಹೊಡೆಯಾಕೆ ಆಗ್ತದಾ" ಎಂದು ನೆಲ ಒರೆಸುತ್ತಿದ್ದಳು.

ಕರಿಯಕ್ಕ ಗೌರಸಮುದ್ರ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಊರಿನಲ್ಲಿ ಜನ ಇರಲಿಲ್ಲ. ಮನೆಗಳ ಹೆಂಚು ಜಂತೆ ಬಿಚ್ಚಿ ಬಿಸಿಲು ಬೀಳುವಂತೆ ಮಾಡಿದ್ದರು. ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಬೇನೆ ಬಿದ್ದವರ ಗುಡಿಸಲುಗಳು ಬೇರೆ, ಬಂಡೆಗಳ ಮಗ್ಗುಲಿಗೆ. ಸುತ್ತ ಜಾಲಿ ಮುಳ್ಳಿನ ಬೇಲಿ. ಗಾದ್ರಪ್ಪ ಬೇಲಿಯ ಒಳಗಿದ್ದ. ಬೇನೆಯವರ ಹತ್ತಿರ ಇದ್ದವರು ಬೇಲಿ ದಾಟುವಂತಿರಲಿಲ್ಲ.

"ಅಕ್ಕ ಹೆಂಗವ್ಳೆ ಬಾವ?"

"ಜ್ವರ ಇಳೀವಲ್ದು. ಒಂದೊಂದು ಸಲ ಎಚ್ಚರ ಇರ್ತೈತೆ." ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಅವನ ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. "ಮಿಸ್ಸಮ್ಮ ಔಷಧಿ ಕೊಡಾಕೆ ಬಂದಿದ್ಲು. ಬೇನೆ ಇರೋ ಕಡೆ ಮಗು ಇರಬಾರದು ಅಂದ್ಲು. ಖರೆ ಅನ್ನಿಸ್ತು, ನಾನೇ ಎತ್ತಿ ಗಾಡೀಲಿ ಕೂರಿಸ್ದೆ. ಆಮ್ಯಾಲೆ ಯಾರೋ ಅವಳಿಗೆ ಹೇಳವ್ರೆ, ಹುಚ್ಚಕ್ಕ ಹೆತ್ತೋಳಲ್ಲ, ಹೆತ್ತೋಳು ಕೊಟ್ಟುಬಿಟ್ಟವ್ಳೆ ಅಂತ. ಈಗ ಅನಾಥ ಮಕ್ಕಳ ಜೊತೆ ಸೇರಿಸ್ಕಂಡು, ಹೆಸರೂ ಬ್ಯಾರೆ ಇಟ್ಟವ್ಳಂತೆ."

"ಏನು ಹೆಸರು?"

"ನನ್ನ ಬಾಯಾಗೆ ಬರಲ್ಲ ಅದು."

ಗುಡಿಸಲಿನೊಳಗಿಂದ ಹುಚ್ಚಕ್ಕ ಮಾತಾಡಿದಳು. ದನಿ ಸಣ್ಣಗಿತ್ತು, ಗಾದ್ರಪ್ಪ ಒಳಗೆ ಹೋಗಿ ಕೇಳಿಕೊಂಡು ಬಂದು ಹೇಳಬೇಕಾಯಿತು.

"ಅವ್ವನ ಹೆಸರು ಹೋಗಬಾರದು ಅಂತಾಳೆ. ನಾನು ಏಳೋತಂಕ ನಿನ್ನ ಮನ್ಯಾಗೆ ಇಟ್ಕಳಬೇಕಂತೆ. ಎದ್ದ ಮ್ಯಾಲೆ ಬಂದು ಕರ್ಕಂಡು ಬರ್ತಾಳಂತೆ."

"ಆಯ್ತು ಅನ್ನು."

ಬೇಲಿ ಬಿಟ್ಟು ಹೊರಡುವಾಗ ಗಾದ್ರಪ್ಪ ಹಿಂದಿನಿಂದ ಹೇಳಿದ: "ಕರಿಯಕ್ಕ, ಏನು ಹೇಳಿದ್ರೆ ಬಿಡ್ತಾರೋ ಅದನ್ನ ಹೇಳು. ನಾನೇನೂ ಅಂದ್ಕಳಲ್ಲ." ಅವಳು ಚಳ್ಳಕೆರೆಯ ದಾರಿ ಹಿಡಿದಳು.

ಮಿಸ್ಸಮ್ಮನ ಮಕ್ಕಳ ಮನೆ ಚಳ್ಳಕೆರೆಯ ಹೊರಗೆ ಒಂದು ಬಾವಿಯ ಪಕ್ಕದಲ್ಲಿತ್ತು. ಉದ್ದನೆಯ ಹೆಂಚಿನ ಮನೆ, ಮುಂದೆ ಜಗಲಿ, ಒಂದು ಬದಿಗೆ ಅಡುಗೆಯ ಚಪ್ಪರ. ಮಿಸ್ಸಮ್ಮ ಮಿಶನ್ನಿನ ಬಿಳಿಯ ಹೆಂಗಸು, ಎತ್ತರದ ಆಳು. ಬಿಸಿಲಿಗೆ ಮುಖದ ಚರ್ಮ ಸುಲಿದಿತ್ತು, ಔಷಧಿ ನೀರಿನಲ್ಲಿ ತೊಳೆದೂ ತೊಳೆದೂ ಕೈಬೆರಳು ಒಡೆದಿದ್ದವು. ಅವರ ನಿಜವಾದ ಹೆಸರು ಆ ಸೀಮೆಯ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಮುನ್ಷಿಯ ಹತ್ತಿರ ಪುಸ್ತಕ ಇಟ್ಟುಕೊಂಡು ಕಲಿತ ಕನ್ನಡದಲ್ಲಿ ಮಾತಾಡುತ್ತಿದ್ದರು.

"ನೀನು ಈ ಮಗುವಿಗೆ ಏನಾಗಬೇಕು?"

"ಚಿಕ್ಕವ್ವ ರೀ."

"ಇವಳನ್ನು ಹೆತ್ತ ತಾಯಿ ಬದುಕಿದ್ದಾಳೆಯೇ?"

ಕರಿಯಕ್ಕ ನೆಲ ನೋಡಿದಳು. ಹುಚ್ಚಕ್ಕನ ಗುಡಿಸಲು ಕಣ್ಣ ಮುಂದೆ ಬಂತು. "ಇವಳ ತಾಯಿಗೆ ಹುಷಾರಿಲ್ಲ ರೀ. ಗೌರಸಮುದ್ರದಾಗೆ ಮಲಗವ್ಳೆ."

"ಆ ಸ್ತ್ರೀ ಸಾಕಿದವಳು. ಹೆತ್ತವಳನ್ನು ಕೇಳಿದೆ." ಮಿಸ್ಸಮ್ಮ ಕರಿಯಕ್ಕನ ಮುಖವನ್ನು ನೋಡಿದರು, ಆಮೇಲೆ ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ನೋಡಿದರು. ಇಬ್ಬರದೂ ಒಂದೇ ಹುಬ್ಬು. "ನೀನೇ ಹೆತ್ತವಳಾಗಿದ್ದರೆ ಹೇಳು. ಈಗಲೇ ಕರೆದುಕೊಂಡು ಹೋಗು. ನಾನು ತಾಯಿಯಿಂದ ಮಗುವನ್ನು ಕಿತ್ತುಕೊಳ್ಳುವವಳಲ್ಲ. ಆದರೆ ಚಿಕ್ಕಮ್ಮ, ದೊಡ್ಡಮ್ಮ ಎಂದು ಬಂದವರಿಗೆಲ್ಲ ಕೊಟ್ಟರೆ ಈ ಮಕ್ಕಳು ಎಲ್ಲಿ ಹೋಗುತ್ತವೆಂದು ನನಗೆ ತಿಳಿಯದು. ಹೋದ ವರ್ಷ ಹಾಗೆ ಕೊಟ್ಟ ಒಂದು ಮಗು ಮತ್ತೆ ಸಿಗಲಿಲ್ಲ."

ಹೇಳಬೇಕಾದ ಮಾತು ಒಂದೇ. ಅಕ್ಕ ಅಲ್ಲಿ ಸಾವು ಬದುಕಿನ ನಡುವೆ ಇದ್ದಾಳೆ. ಇಲ್ಲಿ ತಾನು ಆ ಮಾತು ಅಂದುಬಿಟ್ಟರೆ, ಅಲ್ಲಿ ಏನಾದರೂ ಆದರೆ, ಆಮೇಲೆ ಜೀವ ಇರುವ ತನಕ ಅದನ್ನು ಹೊತ್ತು ತಿರುಗಬೇಕು.

"ಚಿಕ್ಕವ್ವ ರೀ ನಾನು" ಎಂದಳು.

ಮಗು ಓಡಿ ಬಂದು ಅವಳ ಮೊಣಕಾಲು ತಬ್ಬಿಕೊಂಡಿತು. ಅದೂ "ಚಿಕ್ಕವ್ವ" ಎಂದೇ ಕೂಗಿತು. ಮಿಸ್ಸಮ್ಮ ತಲೆ ಆಡಿಸಿ, "ಹಾಗಾದರೆ ಆಗುವುದಿಲ್ಲ" ಎಂದು ಒಳಗೆ ಹೋದರು.

ಕರಿಯಕ್ಕ ಊರಿಗೆ ತಿರುಗಲಿಲ್ಲ. ಅಡುಗೆಯ ಪಾಪಕ್ಕ ಆಂಧ್ರದ ಕಡೆಯವಳು, ವಿಧವೆ. ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವಳು. ಚಪ್ಪರದ ಕೆಳಗೆ ಮಲಗಲು ಜಾಗ ಕೊಟ್ಟಳು. ಅದಕ್ಕೆ ಬದಲು ಕರಿಯಕ್ಕ ಬಾವಿಯಿಂದ ನೀರು ಸೇದಿದಳು, ರಾಗಿ ಬೀಸಿದಳು, ಅಂಗಳ ಗುಡಿಸಿದಳು. ಮಿಸ್ಸಮ್ಮ ನೋಡಿಯೂ ಹೋಗೆನ್ನಲಿಲ್ಲ. ಬೆಳಗ್ಗೆ ಎದ್ದರೆ ಅವರು ಗಾಡಿ ಕಟ್ಟಿಸಿಕೊಂಡು ಯಾವುದಾದರೂ ಊರಿಗೆ ಹೋಗುವರು. ಸಂಜೆ ಬರುವಾಗ ಕೆಲವು ದಿನ ಗಾಡಿಯಲ್ಲಿ ಒಂದು ಮಗು ಇರುತ್ತಿತ್ತು. ಬಂದವರೇ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದರು.

ಮಗುವನ್ನು ಅಲ್ಲಿ ರೂತ್ ಎಂದು ಕರೆಯುತ್ತಿದ್ದರು. ಕರೆದರೆ ಅದು ತಿರುಗುತ್ತಿರಲಿಲ್ಲ. ದಿನ ಕಳೆದಂತೆ ಒಂದೊಂದು ಸಲ ತಿರುಗತೊಡಗಿತು. ಅದನ್ನು ನೋಡಿದಾಗಲೆಲ್ಲ ಕರಿಯಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಮೆಲ್ಲಗೆ ಅವ್ವಾ ಎಂದು ಕರೆಯುತ್ತಿದ್ದಳು.

"ಒಂದು ಮಾತು ಅಂದುಬಿಟ್ಟು ಹೋಗು ಅಮ್ಮಾಯಿ" ಎಂದಳು ಪಾಪಕ್ಕ, ಸೊಪ್ಪು ಸೋಸುತ್ತ. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. "ದೇವರಿಗೆ ನಿನ್ನ ಕಷ್ಟ ತಿಳೀದಾ?"

"ದೇವರಿಗೆ ತಿಳೀತೈತೆ. ಅಕ್ಕನಿಗೆ ಏನಾದ್ರೂ ಆದ್ರೆ ನನಗೆ ತಡಕಳಾಕೆ ಆಗಲ್ಲ."

ಒಂದು ಮಧ್ಯಾಹ್ನ ಮಿಸ್ಸಮ್ಮ ಊರಿಗೆ ಹೋಗಿರಲಿಲ್ಲ. ಅವರಿಗೇ ಮೈ ಬೆಚ್ಚಗಿತ್ತು. ಮಕ್ಕಳೆಲ್ಲ ಮಲಗಿದ್ದವು. ಜಗಲಿಯ ತುದಿಯಲ್ಲಿ ಕರಿಯಕ್ಕ ಮಗುವಿನ ತಲೆ ಬಾಚುತ್ತ, "ಅಲ್ಲಾಡಬ್ಯಾಡವ್ವ, ಸುಮ್ಕೆ ಕುಂತ್ಕ ನಮ್ಮವ್ವ" ಎನ್ನುತ್ತಿದ್ದಳು. ಕಂಬಕ್ಕೆ ಒರಗಿದ್ದ ಮಿಸ್ಸಮ್ಮ ಕಣ್ಣು ತೆರೆದರು.

"ಆ ಕೂಸನ್ನು ಯಾಕೆ ತಾಯಿ ಎಂದು ಕರೆಯುತ್ತೀಯೆ?"

"ನಮ್ಮವ್ವನ ಹೆಸರು ರೀ ಇವಳಿಗೆ. ಯರ್ರಮ್ಮ ಅಂತ. ಅವ್ವ ಸತ್ತ ಮ್ಯಾಲೆ ಹುಟ್ಟಿದ್ದು. ಹೆಸರು ಹಿಡಿದು ಕರೆಯಾಕೆ ಆಗ್ತದಾ? ಅದಕ್ಕೆ ಅವ್ವ ಅಂತೀವಿ. ನಮ್ಮ ಬಾವ ಅತ್ತೆಮ್ಮ ಅಂತಾನೆ."

ಮಿಸ್ಸಮ್ಮನ ಮುಖದಲ್ಲಿ ನಗೆಯಂಥದು ಬಂದು ಹೋಯಿತು. ಆಮೇಲೆ ತಾವೇ ಮಾತು ತೆಗೆದರು.

"ನಾನು ಹುಟ್ಟಿದ ಸೀಮೆಯಲ್ಲಿ ಹೀಗೆಯೇ ಕರೆಯುತ್ತಿದ್ದರು. ಇಲ್ಲಿಂದ ಬಹಳ ದೂರ. ಕಡಲು ದಾಟಬೇಕು. ವರ್ಷದ ಹೆಚ್ಚು ಕಾಲ ನೆಲ ಕಾಣುವುದಿಲ್ಲ, ಎಲ್ಲ ಹಿಮ. ಕಡಲೂ ಗಟ್ಟಿಯಾಗಿ ಅದರ ಮೇಲೆ ಜನ ನಡೆಯುತ್ತಾರೆ. ನನ್ನ ತಂದೆ ಅಲ್ಲಿ ಪಾದ್ರಿ."

"ಅಲ್ಲಿ ಜನ ಏನು ಬೆಳೀತಾರೆ ರೀ?"

"ಏನೂ ಬೆಳೆಯುವುದಿಲ್ಲ. ಸೀಲ್ ಎಂಬ ಕಡಲ ಪ್ರಾಣಿಯನ್ನು ಬೇಟೆಯಾಡುತ್ತಾರೆ. ಅದರ ಮಾಂಸ ಊಟ, ಅದರ ಕೊಬ್ಬು ದೀಪಕ್ಕೆ. ಹೊರಗಿನವರು ಅವರನ್ನು ಎಸ್ಕಿಮೋ ಎನ್ನುತ್ತಾರೆ. ಅವರು ತಮ್ಮನ್ನು ಇನುಯಿಟ್ ಎಂದುಕೊಳ್ಳುತ್ತಾರೆ. ಜನ ಎಂದಷ್ಟೇ ಅದರ ಅರ್ಥ. ನಮ್ಮ ಪಕ್ಕದ ಮನೆಯ ಮುದುಕ ಒಬ್ಬನಿದ್ದ, ಮೊಮ್ಮಗಳನ್ನು ತಾಯಿ ಎಂದು ಕರೆಯುತ್ತಿದ್ದ. ಅವನ ತಾಯಿಯ ಹೆಸರು ಅದಕ್ಕೆ. ಆ ಮಗು ಏನು ಮಾಡಿದರೂ ಯಾರೂ ಗದರುತ್ತಿರಲಿಲ್ಲ. ನನ್ನ ತಂದೆ ಅದಕ್ಕೆ ಬೇರೆ ಹೆಸರಿಟ್ಟರು, ಸತ್ಯವೇದದ ಹೆಸರು. ದೇವಾಲಯದಲ್ಲಿ ಆ ಹೆಸರು, ಮನೆಯೊಳಗೆ ಹಳೆಯ ಹೆಸರು. ಅವರಿಗೆ ಎಷ್ಟು ಹೇಳಿದರೂ ಬಿಡಲಿಲ್ಲವೆಂದು ತಂದೆ ಬೇಸರಪಡುತ್ತಿದ್ದರು."

ಕರಿಯಕ್ಕ ಹೆಣೆಯುತ್ತಿದ್ದ ಜಡೆಯನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. ಹಿಮ ಎಂದರೆ ಹೇಗಿರುತ್ತದೋ ಅವಳಿಗೆ ಗೊತ್ತಾಗಲಿಲ್ಲ. ಮುದುಕ ಮಾತ್ರ ಗೊತ್ತಾದ.

"ಅವರು ಮಕ್ಕಳನ್ನು ಕೊಟ್ಟುಬಿಡುತ್ತಾರೆ" ಎಂದರು ಮಿಸ್ಸಮ್ಮ. "ನಿಮ್ಮ ಹಾಗೆಯೇ. ಆ ಮುದುಕನ ಮಗಳು ತಾನು ಹೆತ್ತ ಮಗುವನ್ನು, ಮಗು ಹೊರಲೆಂದು ಅಂಗಿಯ ಬೆನ್ನಿಗೆ ಹೊಲಿದ ಚೀಲದಿಂದ ತೆಗೆದು ತನ್ನ ಅಣ್ಣನ ಹೆಂಡತಿಗೆ ಕೊಟ್ಟದ್ದನ್ನು ನಾನೇ ನೋಡಿದೆ. ಅಣ್ಣನ ಮನೆಯಲ್ಲಿ ಮಗು ಸತ್ತಿತ್ತು. ಕೊಟ್ಟು ಬಂದು ಇವಳು ಚರ್ಮ ಹೆರೆಯಲು ಕೂತಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಇವರಿಗೆ ಮಕ್ಕಳ ಮೇಲೆ ಮಮತೆ ಕಡಿಮೆ ಎಂದು ನನ್ನ ತಾಯಿ ಹೇಳಿದಳು. ಬಂದು ಹೋಗುವ ಹಡಗಿನವರೂ ಅದನ್ನೇ ಹೇಳುತ್ತಿದ್ದರು."

"ಅವತ್ತು ಆಯಮ್ಮ ಉಂಡಳಾ ರೀ?"

"ಯಾರು?"

"ಮಗು ಕೊಟ್ಟೋಳು."

ಮಿಸ್ಸಮ್ಮ ಹುಬ್ಬು ಗಂಟಿಕ್ಕಿದರು. "ತಿಳಿಯದು. ನಾವು ಅವರ ಮನೆಯೊಳಗೆ ಹೋಗುತ್ತಿರಲಿಲ್ಲ."

ಕರಿಯಕ್ಕ ಮತ್ತೆ ಜಡೆ ಹೆಣೆಯತೊಡಗಿದಳು. ಮಗು ಕೊಟ್ಟ ದಿನ ತಾನು ಅಕ್ಕನ ಗಾಡಿ ಕಣ್ಮರೆಯಾದ ಮೇಲೆ ಹಟ್ಟಿಗೆ ಹೋಗಿ ಕುರಿಗಳ ಕಾಲಿನ ಮುಳ್ಳು ತೆಗೆಯುತ್ತ ಕೂತಿದ್ದು ನೆನಪಾಯಿತು. ಮುಳ್ಳಿಲ್ಲದ ಕುರಿಯ ಕಾಲನ್ನೂ ಹಿಡಿದು ಹಿಡಿದು ನೋಡಿದ್ದಳು. ಎದೆಯಲ್ಲಿ ಇನ್ನೂ ಹಾಲಿತ್ತು.

"ನೀವು ಅಲ್ಲೇ ಬೆಳೆದ್ರಾ?" ಎಂದಳು.

"ಏಳು ವರ್ಷ ತುಂಬುವವರೆಗೆ. ಆಮೇಲೆ ಹಡಗು ಹತ್ತಿಸಿ ಶಾಲೆಗೆ ಕಳಿಸಿದರು. ಪಾದ್ರಿಗಳ ಮಕ್ಕಳನ್ನು ಹಾಗೆ ಕಳಿಸುವುದು ನಮ್ಮಲ್ಲಿ ಪದ್ಧತಿ. ಅಲ್ಲಿ ಓದು ಇರಲಿಲ್ಲ, ವೈದ್ಯರಿರಲಿಲ್ಲ. ವರ್ಷಕ್ಕೆ ಒಂದೇ ಹಡಗು ಬರುತ್ತಿತ್ತು."

"ನಿಮ್ಮವ್ವನ ಆಮ್ಯಾಲೆ ನೋಡಿದ್ರಾ?"

"ಇಲ್ಲ. ನಾನು ಓದು ಮುಗಿಸುವಷ್ಟರಲ್ಲಿ ತೀರಿಹೋಗಿದ್ದಳು."

ಅವರು ಅದನ್ನು ಮಾಮೂಲಿ ದನಿಯಲ್ಲೇ ಹೇಳಿದರು. ಆಮೇಲೆ, ಕರಿಯಕ್ಕ ಕೇಳದಿದ್ದರೂ, ಮುಂದುವರಿಸಿದರು. "ಹಡಗು ಹೊರಡುವ ದಿನ ಆ ಮಗು ಕೊಟ್ಟವಳು ದಡಕ್ಕೆ ಬಂದಿದ್ದಳು. ನನ್ನ ತಾಯಿಯನ್ನು ಕೇಳಿದಳು, ಇವಳನ್ನು ಯಾರಿಗೂ ಕೊಡದೆ ಸುಮ್ಮನೆ ಕಳಿಸುತ್ತೀರಾ ಎಂದು. ಅವಳು ಅಲ್ಲೇ ಕೂತು ಅತ್ತಳು. ನಾನು ಹಡಗಿನಿಂದ ನೋಡುತ್ತಿದ್ದೆ. ನನ್ನ ತಾಯಿ ಅಳಲಿಲ್ಲ."

ಅಷ್ಟರಲ್ಲಿ ಒಳಗೆ ಒಂದು ಮಗು ಎದ್ದು ಅಳತೊಡಗಿತು. ಮಿಸ್ಸಮ್ಮ ಕಂಬ ಹಿಡಿದು ಎದ್ದು ಒಳಗೆ ಹೋದರು.

ಆ ಮಾತಿನಿಂದ ಏನಾದರೂ ಬದಲಾದೀತು ಎಂದು ಕರಿಯಕ್ಕ ಮಾರನೆಯ ದಿನವೆಲ್ಲ ಕಾದಳು. ಏನೂ ಆಗಲಿಲ್ಲ. ಸಂಜೆ ಗಾಡಿಯಿಂದ ಇಳಿದ ಮಿಸ್ಸಮ್ಮ ಮಕ್ಕಳನ್ನು ಸಾಲಾಗಿ ಕೂರಿಸಿ, "ರೂತ್, ಕೈ ತೊಳೆದೆಯಾ?" ಎಂದರು. ಅವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಅಷ್ಟೊಂದು ಮಕ್ಕಳಿದ್ದರು, ಹೆಸರು ಆಗಲೇ ಬಾಯಿಗೆ ರೂಢಿಯಾಗಿತ್ತು. ಮಗು ಎರಡೂ ಕೈ ಚಾಚಿ ತೋರಿಸಿತು. ಆ ದಿನ ಕರಿಯಕ್ಕ ರಾಗಿ ಬೀಸದೆ ಗೋಡೆಯ ಕಡೆ ತಿರುಗಿ ಮಲಗಿದಳು. ಪಾಪಕ್ಕ ತಾನೇ ಬೀಸಿಕೊಂಡಳು.

ಗಾದ್ರಪ್ಪ ಬಂದಿದ್ದು ಒಂದು ಬೆಳಗ್ಗೆ. ಅವನು ಒಳಗೆ ಬರಲಿಲ್ಲ, ಬಾವಿಯ ಆಚೆ ಹುಣಸೆಮರದ ಕೆಳಗೆ ನಿಂತಿದ್ದ. ನೀರಿಗೆ ಹೋದ ಕರಿಯಕ್ಕ ಅವನನ್ನು ಕಂಡಳು. ಅವನು ಬೇಲಿಯಿಂದ ಹೊರಗೆ ಬಂದಿದ್ದಾನೆ ಎಂದರೆ ಒಳಗೆ ನೋಡಿಕೊಳ್ಳುವುದಕ್ಕೆ ಯಾರೂ ಉಳಿದಿಲ್ಲ ಎಂದೇ ಅರ್ಥ. ಅವಳು ಬಿಂದಿಗೆ ಇಳಿಸಿ ಬಾವಿಕಟ್ಟೆಯ ಮೇಲೆ ಕೂತಳು.

"ಯಾವಾಗ ಬಾವ?"

"ಸೋಮವಾರ. ಆಮ್ಯಾಲೆ ಇವತ್ತು ಬಿಟ್ರು ನನ್ನ." ಅವನು ಟವಲಿನಿಂದ ಮುಖ ಒರೆಸಿಕೊಂಡ. "ಕಡೀಗೆ ಮಾತಿರಲಿಲ್ಲ. ನೀನು ಕರ್ಕಂಡು ಹೋಗಿ ಇಟ್ಕಂಡಿದೀಯ ಅಂತ ನಾನು ಸುಳ್ಳು ಹೇಳಿದ್ದೆ. ಅದೇ ತಿಳ್ಕಂಡು ಹೋದ್ಲು."

"ಒಳ್ಳೇದು ಮಾಡಿದೆ."

ಇಬ್ಬರೂ ಅಳಲಿಲ್ಲ. ಗಾದ್ರಪ್ಪನ ಕಣ್ಣು ಆಗಲೇ ಬತ್ತಿದ್ದವು. ಕರಿಯಕ್ಕನಿಗೆ ಅಳು ಬರಬೇಕಾದ ಜಾಗದಲ್ಲಿ ಬರೀ ಆಯಾಸ ಇತ್ತು. ಆ ಒಂದು ಮಾತನ್ನು ಇಷ್ಟು ದಿನ ಬಾಯಲ್ಲಿ ಕಟ್ಟಿಕೊಂಡಿದ್ದೂ ಅಕ್ಕ ಉಳಿಯಲಿಲ್ಲ.

ಅವಳು ಎದ್ದು ಸೀದಾ ಜಗಲಿಗೆ ಹೋದಳು. ಮಿಸ್ಸಮ್ಮ ಗಾಡಿ ಹತ್ತುವುದರಲ್ಲಿದ್ದರು.

"ಮಿಸ್ಸಮ್ಮಾರೇ, ಆ ಮಗೂನ ಹೆತ್ತೋಳು ನಾನೇ."

ಮಿಸ್ಸಮ್ಮ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟರು. ಆಶ್ಚರ್ಯಪಡಲಿಲ್ಲ. "ಮೊದಲ ದಿನವೇ ನಾನು ಕೇಳಿದೆ. ಹೇಳಿದ್ದರೆ ಆಗಲೇ ಕರೆದುಕೊಂಡು ಹೋಗಬಹುದಿತ್ತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಆವಾಗ ಆಕೆಗೆ ಅವ್ವ ಇದ್ದಳು ರೀ."

ಮಿಸ್ಸಮ್ಮ ಹುಣಸೆಮರದ ಕಡೆ ನೋಡಿದರು. ಅಲ್ಲಿ ಗಾದ್ರಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಮಗು ಅವನನ್ನು ಕಂಡು ಅಂಗಳ ದಾಟಿ ಓಡುತ್ತಿತ್ತು. ಯಾರು ಸತ್ತರೆಂದು ಅವರು ಕೇಳಲಿಲ್ಲ. ಒಳಗೆ ಹೋಗಿ ಮಗುವಿನ ಹಳೆಯ ಲಂಗವನ್ನು ಒಗೆದು ಮಡಿಸಿಟ್ಟಿದ್ದನ್ನು ತಂದುಕೊಟ್ಟರು. ಆಮೇಲೆ ಗಾಡಿ ಹತ್ತಿದರು. ಗಾಡಿ ಹೊರಟಿತು. ಆ ದಿನ ಇನ್ನೆರಡು ಊರು ನೋಡಬೇಕಿತ್ತು ಅವರಿಗೆ.

ಮೂವರೂ ನಡೆದರು. ಗಾದ್ರಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ದಾರಿಯುದ್ದಕ್ಕೂ ಬಂಡೆ, ಕಳ್ಳಿ, ಒಣಹುಲ್ಲು. ಮಗು ಅವ್ವ ಎಲ್ಲಿ ಎಂದಾಗಲೆಲ್ಲ ಅವನು "ಅಗೋ ನರಿ ಹೋತು" ಎಂದು ತೋರಿಸುವನು. ಕವಲುದಾರಿಯಲ್ಲಿ ಅವನು ಮಗುವನ್ನು ಇಳಿಸಿದ.

"ನಿನ್ನ ಹತ್ರ ಇರ್ಲಿ. ಹೊಲದ ಗುಡಿಸಲಾಗೆ ಒಬ್ಬನೇ ಹೆಂಗೆ ನೋಡ್ಕಳ್ಳಿ?"

"ನೀನೇ ಹೇಳು ಬಾವ ಅವಳಿಗೆ. ನನ್ನ ಕೈಲಿ ಆಗಲ್ಲ."

ಗಾದ್ರಪ್ಪ ಮಂಡಿಯೂರಿ ಕೂತು ಹೇಳಿದ. ನಿಮ್ಮವ್ವ ಸತ್ತು ಹೋದಳು, ಇನ್ನು ಬರಲ್ಲ, ಮಣ್ಣು ಮಾಡಿ ಬಂದೆ ಎಂದ. ಬೇರೆ ಥರ ಹೇಳಲು ಅವನಿಗೆ ಬರುತ್ತಿರಲಿಲ್ಲ. ಮಗು ಅವನ ಬಾಯನ್ನೇ ನೋಡುತ್ತ ಕೇಳಿತು. ಅವನು ಗೌರಸಮುದ್ರದ ದಾರಿ ಹಿಡಿದು ದೂರ ಹೋದ ಮೇಲೆ ಅಳತೊಡಗಿತು. ಕರಿಯಕ್ಕ ಎತ್ತಿಕೊಂಡು ನಡೆದಳು. ಐದು ವರ್ಷದ ಮಗು ಭಾರವಿತ್ತು. ಸುಧಾರಿಸಿಕೊಳ್ಳಲು ಅಲ್ಲಲ್ಲಿ ಕೂತು, ಎದ್ದು ನಡೆದಳು.

ಕೊಂಡ್ಲಹಳ್ಳಿಯವರು ಅವರನ್ನು ಊರೊಳಗೆ ಬಿಡುವ ಮೊದಲು ಸ್ವಲ್ಪ ದಿನ ಹೊರಗಿನ ಕುರಿಹಟ್ಟಿಯಲ್ಲಿ ಇರಿಸಿದರು. ಸೂರಮ್ಮ ದೂರದಲ್ಲಿ ಅನ್ನ ಇಟ್ಟು ಹೋಗುವಳು. "ಇನ್ನ ಅವ್ವ ಅನ್ನಾಕೆ ಕಲಿಸು" ಎಂದಳು ಒಂದು ದಿನ. "ಕಟ್ಟು ಹರೀತಲ್ಲ."

ಕರಿಯಕ್ಕ ಕಲಿಸಲಿಲ್ಲ. ಮಗು ಚಿಕ್ಕವ್ವ ಎಂದೇ ಕರೆಯಿತು. ನಿದ್ದೆಯಲ್ಲಿ ಅದು ಅವ್ವ ಎಂದು ಅತ್ತಾಗ ಬೇರೆ ಯಾರನ್ನು ಕರೆಯುತ್ತಿದೆ ಎಂದು ತಿಳಿದೂ ಓ ಎನ್ನುತ್ತಿದ್ದಳು. ಊರೊಳಗೆ ಬಂದ ಮೇಲೆ ಇಬ್ಬರು ಹುಡುಗರು ತಂಗಿಯನ್ನು ಕುರಿಮರಿ ಹಿಡಿಯಲು ಕರೆದುಕೊಂಡು ಹೋದರು. ಮಗು ನಕ್ಕಿತು, ಉಂಡಿತು, ಬೆಳೆಯಿತು. ಹುಲಿಯಪ್ಪ ಮಂದೆಯ ಜೊತೆ ವಾಪಸು ಬಂದಾಗ ಅವನ ಕಂಬಳಿಯಲ್ಲಿ ಮಲಗುವಷ್ಟು ಸಲಿಗೆಯಾಯಿತು. ಆದರೂ ದಾರಿಯಲ್ಲಿ ಯಾರಾದರೂ ಗಾದ್ರಪ್ಪನ ಹಾಗೆ ಪೇಟ ಸುತ್ತಿದ ಗಂಡಸು ಬರುವುದು ಕಂಡರೆ ಎದ್ದು ನಿಂತು ನೋಡುವುದನ್ನು ಬಿಡಲಿಲ್ಲ.

ಸಜ್ಜೆ ಕೊಯ್ಲು ಮುಗಿದ ಮೇಲೆ ಗಾದ್ರಪ್ಪ ಬಂದ. ಊರಿನ ಮನೆಗೆ ಮತ್ತೆ ಹೆಂಚು ಹೊದಿಸಿದ್ದ. ಗಂಡ ಸತ್ತ ಅವನ ಅಕ್ಕ ಬಂದು ಅವನ ಜೊತೆ ಇದ್ದಳು. ಇಷ್ಟನ್ನು ಹೇಳಿ, ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡ. ಮಗು ಅವನ ತೊಡೆ ಹತ್ತಿ ಕೂತು ಪೇಟ ಬಿಚ್ಚಿ ತನ್ನ ತಲೆಗೆ ಸುತ್ತಿಕೊಳ್ಳುತ್ತಿತ್ತು. "ಅತ್ತೆಮ್ಮಾರು ದಪ್ಪ ಆಗ್ಯಾರೆ" ಎಂದ. ಬೇರೇನೂ ಕೇಳಲಿಲ್ಲ.

ಕರಿಯಕ್ಕ ಒಳಗೆ ಹೋಗಿ ರೊಟ್ಟಿ ಕಟ್ಟತೊಡಗಿದಳು. ಹುಲಿಯಪ್ಪ ಹಿಂದೆಯೇ ಬಂದ.

"ಮತ್ತೆ ಕಳಿಸ್ತೀಯಾ?"

"ಅವನ ಮಗಳು. ಅವನಿಗೆ ಯಾರವ್ರೆ ಇನ್ನ?"

"ನಿನಗೆ?"

ಅವಳು ಬುತ್ತಿಯ ಗಂಟು ಬಿಗಿದಳು. "ನಮಗೆ ಇಬ್ರು ಅವ್ರೆ."

ಈ ಸಲ ಕೊಬ್ಬರಿ ಬಟ್ಟಲೂ ಇಲ್ಲ, ದೇವರ ಮುಂದೆ ನಿಲ್ಲುವುದೂ ಇಲ್ಲ. ಮಗು ಅಪ್ಪನ ಬೆರಳು ಹಿಡಿದು, ಹೊಲದ ಬದುವಿನ ತನಕ ಹಿಂದೆ ತಿರುಗಿ ತಿರುಗಿ ನೋಡುತ್ತ ಹೋಯಿತು. ಆಮೇಲೆ ನೋಡಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಮಿಸ್ಸಮ್ಮನ ಗಾಡಿ ಕೊಂಡ್ಲಹಳ್ಳಿಗೆ ಬಂತು. ಪ್ಲೇಗು ಆ ವರ್ಷ ಇರಲಿಲ್ಲ. ಕಣ್ಣು ಬೇನೆಗೆ ಔಷಧಿ ಹಾಕುತ್ತಿದ್ದರು. ಅವರ ತಲೆಗೂದಲು ಬಹಳ ಬೆಳ್ಳಗಾಗಿತ್ತು. ಕೆಲಸ ಮುಗಿದ ಮೇಲೆ ಕರಿಯಕ್ಕನ ಮನೆ ಕೇಳಿಕೊಂಡು ಬಂದು ಜಗಲಿಯಲ್ಲಿ ಕೂತರು. ಅಂಗಳದಲ್ಲಿ ಆಡುತ್ತಿದ್ದ ಇಬ್ಬರು ಹುಡುಗರನ್ನು ನೋಡಿದರು.

"ಮಗಳು ಎಲ್ಲಿ?"

"ಗೌರಸಮುದ್ರದಾಗೆ ರೀ, ಅವರಪ್ಪನ ಮನ್ಯಾಗೆ."

"ಆ ಗಾದ್ರಪ್ಪನ ಮನೆಯಲ್ಲೇ? ಮತ್ತೆ ಕೊಟ್ಟೆಯಾ?"

"ಹೂಂ ರೀ."

ಮಿಸ್ಸಮ್ಮ ಇನ್ನೇನಾದರೂ ಹೇಳುತ್ತಾಳೆಂದು ಕಾದರು. ಕರಿಯಕ್ಕನಿಗೆ ಹೇಳಬೇಕೆನಿಸಲಿಲ್ಲ. ಹೇಳಿದರೆ ಮೊದಲಿನಿಂದ ಹೇಳಬೇಕು, ಬೆಳಗ್ಗಿನಿಂದ ಕುರಿಗಳಿಗೆ ನೀರು ಸೇದಿ ತೋಳು ಬಿದ್ದುಹೋಗಿತ್ತು. ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು.

"ನನಗೆ ಇದು ಅರ್ಥವಾಗುವುದಿಲ್ಲ" ಎಂದರು ಮಿಸ್ಸಮ್ಮ. ಸಿಟ್ಟಿರಲಿಲ್ಲ ಅದರಲ್ಲಿ.

"ಬಿಡ್ರಿ ಅತ್ಲಾಗೆ. ಮಜ್ಜಿಗೆ ಕುಡೀರಿ."

ಅವರು ಕುಡಿದರು. ಚೊಂಬು ಕೆಳಗಿಟ್ಟರು. ಎದ್ದು ಗಾಡಿಯ ಹತ್ತಿರ ಹೋದವರು ನಿಂತು, "ನಾಳೆ ನಾನು ಗೌರಸಮುದ್ರಕ್ಕೆ ಹೋಗುತ್ತೇನೆ. ಯರ್ರಮ್ಮನಿಗೆ ಏನಾದರೂ ಹೇಳಬೇಕೇ?" ಎಂದರು.

ಕರಿಯಕ್ಕ ಬಾಗಿಲ ಕಂಬ ಹಿಡಿದು ಯೋಚಿಸಿದಳು. ಹೇಳಬಹುದಾದ ಮಾತುಗಳು ಬಹಳ ಇದ್ದವು. ಒಂದೂ ಈ ಹೆಂಗಸಿನ ಕೈಯಲ್ಲಿ ಕಳಿಸುವಂಥದಾಗಿರಲಿಲ್ಲ.

"ಏನೂ ಇಲ್ಲ ರೀ" ಎಂದಳು. "ಚಿಕ್ಕವ್ವ ಚೆನ್ನಾಗವ್ಳೆ ಅನ್ರಿ, ಸಾಕು."